ಹರಳೆಣ್ಣೆಯ ನೈಲಾನ್ ಹಿಡಿದು ದಂಡಿಗನಹಳ್ಳಿಗೆ

ಹಾಸನದಲ್ಲಿ ಹೊಳೆನರಸೀಪುರದ ಬಸ್ ಹತ್ತಿದಾಗ ಮಂಜು ಇನ್ನೂ ಬಿಟ್ಟಿರಲಿಲ್ಲ. ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದು ಕಿಟಕಿ ಪಕ್ಕ ಕುಳಿತೆ. ಕೈಚೀಲದಲ್ಲಿ ಒಂದು ಉಂಡೆ ನೈಲಾನ್ ದಾರವಿತ್ತು. ನಾನು ಪಾಠ ಮಾಡುವ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಾನೇ ಎಳೆದದ್ದು.

ನೈಲಾನಿಗೆ ಬೇಕಾದ ರಾಸಾಯನಿಕಗಳು ಹೆಚ್ಚಾಗಿ ಪೆಟ್ರೋಲಿಯಂನಿಂದ ಬರುತ್ತವೆ. ಹರಳೆಣ್ಣೆಯನ್ನು ಕಾಸ್ಟಿಕ್ ಸೋಡಾ ಜೊತೆ ಜೋರು ಶಾಖದಲ್ಲಿ ಕಾಯಿಸಿದರೆ ನೈಲಾನಿಗೆ ಒದಗುವ ಅಂಥದ್ದೇ ಒಂದು ಆಮ್ಲ ಬಿಳಿ ಪುಡಿಯಾಗಿ ಸಿಗುತ್ತದೆ. ಅಂಗಡಿ ಎಣ್ಣೆಯಲ್ಲಿ ಬೆರಕೆಯಿದ್ದು ನನ್ನ ಪ್ರಯೋಗ ಕೆಡುತ್ತಲೇ ಇತ್ತು. ಆಗ ದಂಡಿಗನಹಳ್ಳಿಯ ಶಿವಣ್ಣ ರಾಗಿ ಹೊಲದ ಅಂಚಿನಲ್ಲಿ ಬೆಳೆದ ಹರಳು ಕೊಟ್ಟರು. ಹೊಳೆನರಸೀಪುರದ ರುದ್ರಪ್ಪನವರು ಕೊಬ್ಬರಿ ಆಡಿಸುವ ಮಿಲ್ಲನ್ನು ಪೂರ್ತಿ ಬಿಚ್ಚಿ ತೊಳೆದು, ಅದಷ್ಟನ್ನೇ ಆಡಿಸಿಕೊಟ್ಟರು. ಆ ಎಣ್ಣೆಯಿಂದ ಬಂದ ದಾರವನ್ನು ಇಬ್ಬರಿಗೂ ತೋರಿಸಬೇಕೆಂದು ಹೊರಟಿದ್ದೆ.

ಆದರೂ ಅಳುಕಿತ್ತು. ಹರಳೆಣ್ಣೆಯಿಂದ ನೈಲಾನ್ ಮಾಡುವ ಫ್ಯಾಕ್ಟರಿ ಬರುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಶಿವಣ್ಣ ಈ ಸಲ ಇಡೀ ಹೊಲಕ್ಕೆ ಹರಳು ಹಾಕಿದ್ದರು. ಅದು ಬರೀ ಗಾಳಿಮಾತೆಂದು ಅವರ ಎದುರಿಗೇ ಹೇಳಬೇಕಿತ್ತು.

ಹೊಳೆನರಸೀಪುರದಲ್ಲಿ ಇಡ್ಲಿ ತಿಂದು ಮಿಲ್ಲಿಗೆ ಹೋದೆ. ರುದ್ರಪ್ಪನವರು ದಾರವನ್ನು ಬೆರಳಿಗೆ ಸುತ್ತಿ ಬಲವಾಗಿ ಜಗ್ಗಿದರು. ಬೆರಳು ಕೆಂಪಾಯಿತು, ದಾರ ಹರಿಯಲಿಲ್ಲ. ಕಾಫಿ ತರಿಸಿದರು. ಬಾಣಂತಿಯರಿಗೆಂದು ಹರಳೆಣ್ಣೆ ಕೇಳಿಕೊಂಡು ಜನ ಈಗಲೂ ಬರುತ್ತಾರಂತೆ. ಅರಕಲಗೂಡು ಕಡೆಯಿಂದ ಬರುತ್ತಿದ್ದ ಹರಳು ಮಾತ್ರ ನಿಂತುಹೋಗಿದೆಯಂತೆ.

ಚನ್ನರಾಯಪಟ್ಟಣದಲ್ಲಿ ಬಸ್ ಬದಲಿಸಿ ದಂಡಿಗನಹಳ್ಳಿ ಸೇರುವಷ್ಟರಲ್ಲಿ ಬಿಸಿಲು ಸುಡುತ್ತಿತ್ತು. ಅಂಗಳದ ತುಂಬ ಹರಳುಕಾಯಿ ಒಣಗಿ ಪಟಪಟ ಸಿಡಿಯುತ್ತಿದ್ದವು. ಶಿವಣ್ಣ, ಅವರ ಹೆಂಡತಿ ಕಮಲಮ್ಮ ಇಬ್ಬರೂ ದಾರವನ್ನು ಬೆಳಕಿಗೆ ಹಿಡಿದು ನೋಡಿದರು. ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಊಟ ಮುಗಿದ ಮೇಲೆ ಶಿವಣ್ಣನೇ ಕೇಳಿದರು:

"ಫ್ಯಾಕ್ಟ್ರಿ ಯಾವಾಗ ಬತ್ತದೆ ಮೇಡಂ?"

"ಇಲ್ಲ ಶಿವಣ್ಣ. ಅಂಥದ್ದೇನೂ ಬರ್ತಿಲ್ಲ. ನಂದು ಬರೀ ಕಾಲೇಜಿನ ಪ್ರಯೋಗ."

ಅವರು ಅಂಗಳದ ಹರಳಿನತ್ತ ತಿರುಗಿದರು. ಕಮಲಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನನಗೆ ರುದ್ರಪ್ಪನವರ ಮಾತು ನೆನಪಾಯಿತು. ಅಲ್ಲೇ ಫೋನ್ ಮಾಡಿದೆ. ಅವರು ಹಿಂದೆಮುಂದೆ ನೋಡಲಿಲ್ಲ. ಒಣಗಿದ ಹರಳನ್ನೆಲ್ಲ ತರಲು ಹೇಳಿ, ಎಣ್ಣೆ ತಾನೇ ಮಾರುತ್ತೇನೆಂದರು. ಫೋನನ್ನು ಶಿವಣ್ಣನ ಕೈಗೆ ಕೊಟ್ಟೆ. ಇಬ್ಬರೂ ಬೆಲೆಯ ಬಗ್ಗೆ ಚೌಕಾಸಿ ಮಾಡಿದರು. ಕೊನೆಗೆ ಶಿವಣ್ಣನ ಮುಖ ಸಡಿಲವಾಯಿತು.

"ನೀವು ಇರೋದ್ನ ಇದ್ದಂಗೆ ಏಳುದ್ರಲ್ಲ, ಅದು ದೊಡ್ಡದು ಕಣಮ್ಮ," ಎಂದರು. ಬೆಳಗಿನಿಂದ ಹೊತ್ತ ಭಾರ ಆಗ ಇಳಿಯಿತು. ಕೈಮುಗಿದೆ.

ನನ್ನ ಮುಂದಿನ ಪ್ರಯೋಗಕ್ಕೆಂದು ಅವರು ಸಣ್ಣ ಚೀಲವೊಂದಕ್ಕೆ ಹರಳು ತುಂಬಿದರು. ಹೊಲಿಯಲು ಹುರಿ ಸಿಗಲಿಲ್ಲ. ಕಮಲಮ್ಮ ದಬ್ಬಣಕ್ಕೆ ನನ್ನ ನೈಲಾನನ್ನೇ ಪೋಣಿಸಿ ಬಾಯಿ ಹೊಲಿದರು. ನೋಡುತ್ತ ನನಗೆ ನಗು ಬಂತು, ಕಣ್ಣೂ ತುಂಬಿತು.

ಸಂಜೆ ಹಾಸನದ ಬಸ್ಸಿಗೆ ಚೀಲ ಏರಿಸಿ ಶಿವಣ್ಣ ಕಂಡಕ್ಟರ್‌ಗೆ ಹೇಳಿದರು: "ನಮ್ಮೋರು ಕಣಪ್ಪ, ಉಷಾರಾಗಿ ಇಳ್ಸು."

ಬಸ್ ಹೊರಟಿತು. ತಿರುಗಿ ನೋಡಿದೆ. ಅವರು ಕೈ ಬೀಸಲು ನಿಂತಿರಲಿಲ್ಲ. ಅಂಗಳದ ಹರಳು ಬಾಚಿಡಲು ಆಗಲೇ ಬಿರಬಿರನೆ ಮನೆ ಕಡೆ ನಡೆಯುತ್ತಿದ್ದರು.