ನಾನು ಮಾತಾಡಿದ ನಲವತ್ತು ನಿಮಿಷ

ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನಗೆ ಸಂಗೀತ ಗೊತ್ತಿದೆ ಎಂಬ ಹೆಸರಿದೆ. ಅದು ಹಾಡಿ ಬಂದ ಹೆಸರಲ್ಲ, ತಲೆಯಾಡಿಸಿ ಬಂದದ್ದು. ಗಣೇಶನ ಹಬ್ಬಕ್ಕೆ ಕೆಳಗಡೆ ಶಾಮಿಯಾನ ಹಾಕಿ ಯಾರಾದರೂ ಹಾಡುವಾಗ ಮೊದಲ ಸಾಲಿನಲ್ಲಿ ಕೂತು, ತೋಚಿದಲ್ಲೆಲ್ಲ 'ಆಹಾ' ಅನ್ನುತ್ತೇನೆ. ನಾನು ಅಂದೆನಲ್ಲ ಅಂತ ಹಿಂದಿನ ಸಾಲಿನವರೂ ಅನ್ನುತ್ತಾರೆ. ಸೋಲದೇವನಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಹೇಳಿ ನಿವೃತ್ತನಾದವನು ನಾನು. ತಂತಿ ಹೇಗೆ ಕಂಪಿಸುತ್ತದೆ ಅಂತ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಅದನ್ನೇ ಜನ ಸಂಗೀತಜ್ಞಾನ ಅಂತ ನಂಬಿದರು. ಅಷ್ಟು ಜನ ನಂಬಿದ ಮೇಲೆ ನಾನೊಬ್ಬ ಯಾಕೆ ನಂಬದೆ ಇರಲಿ ಅಂತ ನಾನೂ ನಂಬಿದೆ.

ಪಾಠ ಹೇಳಿ ಬದುಕಿದವರಿಗೆ ಒಂದು ಕಾಯಿಲೆ ಅಂಟಿಕೊಂಡಿರುತ್ತದೆ. ಎದುರಿಗೆ ಕೂತವರು ಸುಮ್ಮನಿದ್ದರೆ ಅವರಿಗೆ ವಿಷಯ ಗೊತ್ತಿಲ್ಲ ಅಂತಲೇ ನಮ್ಮ ತೀರ್ಮಾನ. ಗೊತ್ತಿದ್ದೂ ಸುಮ್ಮನಿರುವವರು ಪ್ರಪಂಚದಲ್ಲಿ ಇದ್ದಾರೆ ಅನ್ನುವುದು ಸ್ಟಾಫ್ ರೂಮಿನಲ್ಲಿ ವಯಸ್ಸು ಕಳೆದವನಿಗೆ ಹೊಳೆಯುವುದು ಕಷ್ಟ.

ನಮ್ಮ ಮೇಲಿನ ಮನೆಯ ಮಂಜುನಾಥ ನಾಗಸಂದ್ರದ ಹತ್ತಿರದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಅವನ ತಂದೆ ಫಕೀರಪ್ಪನವರು ಗದಗಿನ ಕಡೆಯಿಂದ ಮಗನ ಮನೆಗೆ ಬಂದು ಒಂದು ತಿಂಗಳಾಗಿತ್ತು. ಮೆಟ್ಟಿಲಲ್ಲಿ ಸಿಕ್ಕಾಗ ಕೈಮುಗಿಯುತ್ತಿದ್ದರು, ಅಷ್ಟೇ. ಒಂದು ಶನಿವಾರ ಸಂಜೆ ನಮ್ಮ ಬಾಗಿಲಿಗೆ ಬಂದರು.

"ಸರ, ಮುಂಜಾನಿ ನಿಮ್ಮ ಮನ್ಯಾಗ ರೇಡಿಯೋ ಹಚ್ಚತೀರಲ್ರಿ, ಮ್ಯಾಲೆ ಕೇಳಸ್ತೈತಿ. ನಾಳೆ ಬಂದು ಒಂಚೂರು ಕುಂದರ್ಲೇನ್ರಿ? ಮೊಮ್ಮಗಳು ಫೋನಿನ್ಯಾಗ ಹಚ್ಚಿಕೊಡ್ತೀನಿ ಅಂದ್ಳು. ಆದ್ರ ರೇಡಿಯೋದಾಗ ಕೇಳಬೇಕಂತ ಮನಸ್ಸು."

"ಅಯ್ಯೋ, ಧಾರಾಳವಾಗಿ ಬನ್ನಿ," ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಶಾಸ್ತ್ರೀಯ ಅಲ್ವಾ, ಅರ್ಥ ಆಗದೆ ಇದ್ರೆ ನಾನಿದೀನಿ, ಹೇಳ್ತೀನಿ," ಅಂತಲೂ ಅಂದೆ.

ಭಾನುವಾರ ಅರ್ಧ ಗಂಟೆ ಮುಂಚೆಯೇ ಬಂದರು. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಧೋತರ ಉಟ್ಟಿದ್ದರು. ರೇಡಿಯೋ ಕೇಳಲು ಮದುವೆಗೆ ಹೊರಟವರ ಹಾಗೆ ಬಂದಿದ್ದಾರಲ್ಲ, ಪಾಪ ಅಂದುಕೊಂಡೆ. ನನ್ನ ಹೆಂಡತಿ ಜಯ ಕಾಫಿ ತಂದಿಟ್ಟಳು. ಅವರು ಲೋಟ ಮುಟ್ಟಲಿಲ್ಲ. ಹಳೆಯ ಧ್ವನಿಮುದ್ರಣವೊಂದನ್ನು ಕೇಳಿಸುತ್ತೇವೆ ಅಂತ ಉದ್ಘೋಷಕಿ ಹೇಳಿದಳು. ತಂಬೂರಿ ಶುರುವಾಯಿತು. ನಾನು ಎದ್ದು ಬಿಸಿಲಿಗೆ ಅಡ್ಡ ಪರದೆ ಸರಿಸಿ ಬಂದು ಕೂತೆ. ಗಾಯಕರು ದನಿ ತೆಗೆದರು. ನಾನೂ ತೆಗೆದೆ.

"ಇದು ತೋಡಿ," ಅಂದೆ.

"ಹೌದ್ರಿ," ಅಂದರು.

"ನಿಮ್ಮ ಹಿಂದೂಸ್ತಾನಿಯ ತೋಡಿ ನಮ್ಮ ಕರ್ನಾಟಕದಲ್ಲಿ ಶುಭಪಂತುವರಾಳಿ. ನಮ್ಮ ತೋಡಿಯ ಸ್ವರಗಳು ನಿಮ್ಮಲ್ಲಿ ಭೈರವಿಗೆ ಬರುತ್ತವೆ. ಹೆಸರು ಅದಲು ಬದಲು."

"ಹೌದ್ರಿ."

ಎರಡು 'ಹೌದ್ರಿ' ಸಿಕ್ಕಿದರೆ ಮೇಷ್ಟರಿಗೆ ಇನ್ನೇನು ಬೇಕು? ತಬಲಾದ ನಡುವಿನ ಕಪ್ಪು ಕರಣೆಯಲ್ಲಿ ಏನು ಬೆರೆಸುತ್ತಾರೆ, ಹಾರ್ಮೋನಿಯಂ ಎಲ್ಲಿಂದ ಬಂತು, ಎಲ್ಲ ಹೇಳಿದೆ. ವಾಯುಪಡೆಯ ವಿಮಾನವೊಂದು ಮನೆಯ ಮೇಲೆಯೇ ಹಾದುಹೋಯಿತು. ಅದರ ಮುಂದೆ ಸೋತು ಒಂದು ಗಳಿಗೆ ಸುಮ್ಮನಾಗಿ, ಅದು ಹೋದ ಮೇಲೆ ಮುಂದುವರಿಸಿದೆ. ತಂಬೂರಿಯ ಪ್ರಸ್ತಾಪ ಬಂತು. ತಂತಿಯ ಕೆಳಗೆ ಸಣ್ಣ ನೂಲಿನೆಳೆ ಸೇರಿಸುತ್ತಾರೆ, ಅದಕ್ಕೆ ಜೀವ ಅನ್ನುತ್ತಾರೆ, ಅದರಿಂದಲೇ ಆ ಝೇಂಕಾರ ಅಂತ ವಿವರಿಸಿ, ಒಂದು ತಮಾಷೆಯನ್ನೂ ಸೇರಿಸಿದೆ: "ಇಡೀ ಕಛೇರೀಲಿ ಸುಲಭದ ಕೆಲಸ ಅಂದ್ರೆ ತಂಬೂರಿಯವರದ್ದು ನೋಡಿ. ನಾಲ್ಕು ತಂತಿ, ಎರಡು ಬೆರಳು. ನಿದ್ದೆ ಬರದ ಹಾಗೆ ನೋಡ್ಕೊಂಡ್ರೆ ಆಯ್ತು. ಈಗಂತೂ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದಿದೆ, ಸ್ವಿಚ್ ಹಾಕಿದ್ರೆ ಮುಗೀತು."

ಫಕೀರಪ್ಪನವರು ನಕ್ಕರು. ಈ ಸಲ 'ಹೌದ್ರಿ' ಅನ್ನಲಿಲ್ಲ.

ಆಗಲೇ ನಾನು ಅವರ ಬಲಗೈ ನೋಡಿದ್ದು. ಮೊಣಕಾಲ ಮೇಲಿಟ್ಟಿದ್ದ ಕೈಯ ಬೆರಳುಗಳು ಅಲುಗುತ್ತಿದ್ದವು. ನಡುಬೆರಳು ಒಂದು ಸಲ, ತೋರುಬೆರಳು ಮೂರು ಸಲ; ಮತ್ತೆ ಒಂದು, ಮತ್ತೆ ಮೂರು. ನಡುಕಕ್ಕೆ ಇಷ್ಟು ನಿಯಮ ಇರುವುದಿಲ್ಲ ಅನ್ನುವುದು ಕಂಪನದ ಪಾಠ ಹೇಳಿದವನಿಗಾದರೂ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಕನಿಕರ.

"ಕೈ ನಡುಗುತ್ತಲ್ಲ, ಎಷ್ಟು ದಿನದಿಂದ?" ಅಂತ ಕೇಳಿದೆ. "ಹೆಬ್ಬಾಳದಲ್ಲಿ ನರದ ಡಾಕ್ಟರೊಬ್ಬರು ನನಗೆ ಗೊತ್ತು. ತೋರಿಸಿಬಿಡಿ."

ಅವರು ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡರು. ಎಡಗೈಯನ್ನು ಅದರ ಮೇಲಿಟ್ಟು ಮುಚ್ಚಿದರು. ಬೆರಳು ನಿಂತವು. ಹಾಡು ಇನ್ನೂ ಹದಿನೈದು ನಿಮಿಷ ಇತ್ತು.

ಹಾಡು ಮುಗಿದಾಗ ಅವರು ಮುಂದಕ್ಕೆ ಬಾಗಿ ಕೂತರು. ಹಾಡಿದವರ ಹೆಸರು ಬಂತು, ತಬಲಾದವರ ಹೆಸರು, ಹಾರ್ಮೋನಿಯಂನವರ ಹೆಸರು. ಆಮೇಲೆ ಜಾಹೀರಾತು. ಅವರು ರೇಡಿಯೋಕ್ಕೆ ಕೈಮುಗಿದು ಎದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜಯ, ನಲವತ್ತು ನಿಮಿಷದಲ್ಲಿ ನನ್ನ ಬಾಯಿಗೆ ಬಾರದ ಒಂದು ಪ್ರಶ್ನೆ ಕೇಳಿದಳು.

"ಹಾಡಿದವರು ನಿಮಗೆ ಪರಿಚಯದವರಾ?"

"ನಮ್ಮ ಗುರುಗಳ್ರೀ ಅಮ್ಮಾರ. ಹಿಂದ ತಂಬೂರಿ ನಂದ. ಆಗ ನನಗ ಇಪ್ಪತ್ತನಾಕು. ರೇಡಿಯೋ ಸ್ಟೇಷನ್ನಿಗೆ ಹೋಗಿದ್ದು ಅದೊಂದ ಸರ್ತಿ. ಮುಂದ ಮನಿ, ನೌಕರಿ ಅಂತ ಎಲ್ಲಾ ಬಿಟ್ಟ ಹೋತು. ಇವತ್ತ ಹಚ್ಚತಾರಂತ ಊರಿಂದ ಒಬ್ಬರು ಹೇಳಿದ್ರು."

"ನಿಮ್ಮ ತಂಬೂರಿ ಕೇಳಿಸ್ತಾ?"

"ಕೇಳಿಸ್ತ್ರಿ," ಅಂದರು ಅವರು, ಒಂದಿಷ್ಟೂ ಕೊಂಕಿಲ್ಲದೆ. "ಮೊದಲಿಗೆ, ಸರ ಪರದೆ ಸರಸಾಕ ಎದ್ದಿದ್ರಲ್ರಿ, ಆವಾಗ ಛಲೋ ಕೇಳಿಸ್ತು."

ಅವರು ಹೋದ ಮೇಲೆ ಜಯ ತಣ್ಣಗಾದ ಕಾಫಿಯ ಲೋಟ ಎತ್ತಿಕೊಂಡು, "ನಲವತ್ತು ನಿಮಿಷ ಕಣ್ರೀ," ಅಂದಳು.

ಕನ್ನಡದಲ್ಲಿ ಮದುಮಗಳಿಗೆ ಆಗುವುದೂ ನಾಚಿಕೆ, ಸಿಕ್ಕಿಬಿದ್ದ ಕಳ್ಳನಿಗೆ ಆಗುವುದೂ ನಾಚಿಕೆಯೇ. ಮೊದಲನೆಯದು ನಾಚಿಕೆಮುಳ್ಳಿನ ಹಾಗೆ, ಮುಟ್ಟಿದರೆ ಮುದುಡಿ ಸ್ವಲ್ಪ ಹೊತ್ತಿಗೆ ಅರಳುತ್ತದೆ. ನನಗಾದದ್ದು ಎರಡನೆಯದು. ಸ್ನಾನಕ್ಕೆ ನೀರು ಹೊಯ್ದುಕೊಳ್ಳುವಾಗ, ತರಕಾರಿಯವನ ಮುಂದೆ ಬೀನ್ಸ್ ಆರಿಸುವಾಗ, 'ಎರಡು ಬೆರಳು' ಅಂದದ್ದು ನೆನಪಾಗಿ ಒಬ್ಬನೇ 'ಛೇ' ಅನ್ನುತ್ತಿದ್ದೆ. ತಂಬೂರಿ ಸುಲಭ ಅಂದದ್ದನ್ನಾದರೂ ಅಜ್ಞಾನ ಅಂತ ಮನ್ನಿಸಬಹುದು. ನುಡಿಸುತ್ತಿದ್ದವರ ಕೈಯನ್ನು ಕಾಯಿಲೆ ಅಂದು ನಿಲ್ಲಿಸಿದ್ದೆನಲ್ಲ, ಅದಕ್ಕೆ ಏನು ಹೇಳುವುದು?

ಮೂರನೆಯ ದಿನ ತಡೆಯಲಾರದೆ ಮೇಲೆ ಹೋದೆ. ಅವರು ನೆಲದ ಮೇಲೆ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದರು. ನಾನೂ ಎದುರಿಗೆ ಕೂತೆ.

"ತಪ್ಪಾಯ್ತು ಫಕೀರಪ್ಪನವರೇ."

"ಬಿಡ್ರಿ ಸರ. ತಂಬೂರಿ ಸುರದಾಗ ಇದ್ರ ಯಾರೂ ಹೊಳ್ಳಿ ನೋಡೂದಿಲ್ರಿ. ತಪ್ಪಿದ್ರ ಎಲ್ಲಾರೂ ನೋಡ್ತಾರ." ಎರಡು ಕಡ್ಡಿ ಸೊಪ್ಪು ಬಿಡಿಸಿ, ದನಿ ತಗ್ಗಿಸಿದರು. "ಖರೇ ಹೇಳ್ಲೇನ್ರಿ? ಅವತ್ತ ಸಿಟ್ಟು ಬಂದಿತ್ತು. ನಿಮಗ ಅನ್ನಾಕ ಆಗಲಿಲ್ಲ. ಮ್ಯಾಲೆ ಬಂದು, ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗೇತಿ ಅಂತ ಸೊಸಿ ಮ್ಯಾಲೆ ಹರಿಹಾಯ್ದೆ. ಉಪ್ಪು ಸರಿ ಇತ್ತು. ತಪ್ಪಾತು ಅನ್ನೂದಿದ್ರ ಆಕಿಗೆ ಅನ್ರಿ."

ಹಾಗಾಗಿ ಅಡುಗೆಮನೆಯ ಬಾಗಿಲಿಗೆ ಹೋಗಿ ಅವರ ಸೊಸೆಗೂ ಕ್ಷಮೆ ಕೇಳಿದೆ. ಆ ಹೆಣ್ಣುಮಗಳು ಸೌಟು ಹಿಡಿದುಕೊಂಡು, ಯಾತಕ್ಕೆ ಅಂತ ತಿಳಿಯದೆ, "ಇರ್ಲಿ ಬಿಡ್ರಿ ಅಂಕಲ್," ಅಂದಳು. ನಾವಾಡಿದ ಮಾತು ಯಾರ ಮನೆಯ ಒಲೆಯವರೆಗೆ ಹೋಗಿ ಮುಟ್ಟುತ್ತದೋ, ಯಾವ ಭೌತಶಾಸ್ತ್ರವೂ ಹೇಳಲಾರದು.

ಮುಂದಿನ ಭಾನುವಾರ ಅವರನ್ನು ನಾನೇ ಕರೆದೆ. ಬಾಯಿ ಬಿಡಬಾರದು ಅಂತ ದವಡೆಯಲ್ಲಿ ಒಂದು ಲವಂಗ ಇಟ್ಟುಕೊಂಡೆ. ರೇಡಿಯೋದಲ್ಲಿ ಯಾರೋ ಹಾಡಲು ಶುರುಮಾಡಿದರು. ಎರಡು ನಿಮಿಷ ಕಳೆದಿರಬೇಕು, ಫಕೀರಪ್ಪನವರು ಮಾತಿಗೆ ತೊಡಗಿದರು. ಅಂದು ಸ್ಟುಡಿಯೋದಲ್ಲಿ ಸದ್ದಾಗುತ್ತದೆ ಅಂತ ಫ್ಯಾನ್ ನಿಲ್ಲಿಸಿದ್ದು, ಬೆವರು ಹುಬ್ಬಿನಿಂದ ಕಣ್ಣಿಗಿಳಿದರೂ ಒರೆಸಿಕೊಳ್ಳಲು ಕೈ ಬಿಡುವಿಲ್ಲದ್ದು, ಮುಗಿದ ಮೇಲೆ ಗುರುಗಳು ಇವರ ಮುಖ ನೋಡಿ 'ಅಳ್ತೀಯೇನೋ' ಅಂದದ್ದು, ಎಲ್ಲ ಹೇಳಿದರು. ನಡುನಡುವೆ ನಕ್ಕರು. ಕಾಫಿ ಕುಡಿದರು, ಇನ್ನೊಂದು ಅರ್ಧ ಲೋಟ ಕೇಳಿ ಹಾಕಿಸಿಕೊಂಡರು. ನಾನು ಕೇಳುತ್ತ ಕೂತೆ. ಉದ್ಘೋಷಕಿಯ ದನಿ ಬಂದಾಗಲೇ ಅವರಿಗೆ ಎಚ್ಚರವಾದದ್ದು.

"ಅಯ್ಯ, ನಾನ ಮಾತಾಡಿಬಿಟ್ನಲ್ರಿ! ಯಾವ ರಾಗ ಹಾಡಿದ್ರು ಸರ?"

"ಗೊತ್ತಿಲ್ಲ," ಅಂದೆ.

ಸಂಗೀತದ ವಿಷಯದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.