ಎಡಗೈಯ ಮೇಲೆ ಹೊರಿಸಿದ ತಪ್ಪು

ನಾನು ಎಡಗೈಯವಳು. ಇದನ್ನು ಒಪ್ಪಿಕೊಳ್ಳಲು ನನಗೆ ಅರವತ್ತು ವರ್ಷ ಬೇಕಾಯಿತು ಎಂದು ತಿಳಿಯಬೇಡಿ. ನಾನು ಯಾವತ್ತೋ ಒಪ್ಪಿದ್ದೇನೆ, ನಮ್ಮೂರು ಶಿಡ್ಲಘಟ್ಟ ಇನ್ನೂ ಒಪ್ಪಿಲ್ಲ. ಮೊನ್ನೆ ಬಸ್ ನಿಲ್ದಾಣದ ಹತ್ತಿರ ಹೂವಿನವಳು ನಾನು ಚಾಚಿದ ಎಡಗೈ ನೋಡಿದವಳೇ ಎರಡು ಮೊಳ ಸೇವಂತಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು. "ಆ ಕೈ ಬೇಡಮ್ಮೋ, ಈ ಕೈಲಿ ಇಸ್ಕೊಳ್ಳಿ" ಎಂದಳು. ಬಲಗೈಯಲ್ಲಿ ದಂಟಿನ ಸೊಪ್ಪು, ಬದನೆಕಾಯಿ ತುಂಬಿದ ಚೀಲ. ಅದನ್ನು ಕೆಸರಲ್ಲಿ ಇಟ್ಟು, ಕೈ ಬದಲಿಸಿ, ಹೂವು ತೆಗೆದುಕೊಂಡು ಮನೆಗೆ ಬರುವಷ್ಟರಲ್ಲಿ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಈ ಉರಿ ಹಳೆಯದು. ಅಂಬಾಜಿದುರ್ಗದ ಕಡೆಯ ನಮ್ಮಜ್ಜಿ ಊಟಕ್ಕೆ ಕೂರಿಸುವಾಗ ನನ್ನ ಎಡಗೈಗೆ ಬಟ್ಟೆ ಸುತ್ತಿಬಿಡುತ್ತಿದ್ದಳು. ಎಡಗೈಗೆ "ಪುರ್ರಚೆಯ್ಯಿ" ಎಂದು ತೆಲುಗಿನಲ್ಲಿ ಬೈಯುವುದು, ಕನ್ನಡದಲ್ಲಿ ಅನ್ನ ಬಡಿಸುವುದು. ಶಾಲೆಯಲ್ಲಿ ಮೇಷ್ಟ್ರು ಕಡ್ಡಿಯಿಂದ ಗೆಣ್ಣಿಗೆ ಹೊಡೆದು ಬಲಗೈ ಬರವಣಿಗೆ ಕಲಿಸಿದರು. ಹಾಗಾಗಿ ನನ್ನ ಅಕ್ಷರ ಇವತ್ತಿಗೂ ಗಾಳಿಗೆ ಬಿದ್ದ ಜೋಳದ ಪೈರಿನ ಹಾಗಿದೆ.

ಮುಂದೆ ನಾನೇ ವಿಜ್ಞಾನದ ಟೀಚರಾದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗ್ರಂಥಿಗಳ ಪಾಠ ಮಾಡಿದೆ. ಎಡಗೈಗೆ ಕಾರಣವೇನೆಂದು ಆಗಾಗ ಓದುವ ಚಪಲವೂ ಅಂಟಿಕೊಂಡಿತು. ಓದಿ ಇನ್ನಷ್ಟು ಸಿಟ್ಟು ಬಂತು. ತಾಯಿಯ ಹೊಟ್ಟೆಯಲ್ಲಿರುವಾಗ ಗಂಡು ಹಾರ್ಮೋನು ಸ್ವಲ್ಪ ಹೆಚ್ಚಾದರೆ ಮಗು ಎಡಗೈಯದಾಗುತ್ತದೆ ಎಂದು ಕೆಲವು ಪಂಡಿತರು ಊಹಿಸಿದರಂತೆ. ಹಾಗೇನಿಲ್ಲ ಎಂದು ಬೇರೆಯವರು ಅವರ ಮೇಲೆ ಬಿದ್ದರಂತೆ, ಜಗಳ ಇನ್ನೂ ಮುಗಿದಿಲ್ಲವಂತೆ. ಅಲ್ಲ ಸ್ವಾಮಿ, ಏಟು ತಿಂದವಳು ನಾನು, ಕೈ ಮಾತ್ರ ಗಂಡಸಿನ ಕೊಡುಗೆಯೇ? ಇನ್ನು ಕೆಲವರು, ತಿಂಗಳಲ್ಲಿ ಹೆಣ್ಣು ಹಾರ್ಮೋನು ಏರಿದ ದಿನಗಳಲ್ಲಿ ಹೆಂಗಸರ ಬೆರಳು ಚುರುಕಾಗುತ್ತವೆ ಎನ್ನುತ್ತಾರೆ. ಇರಬಹುದು. ಆದರೆ ಆ ದಿನಗಳಲ್ಲಿ ಯಾವ ಅತ್ತೆಯೂ "ಇವತ್ತು ನಿನ್ನ ಕೈ ಚುರುಕಾಗಿದೆ ಕಣಮ್ಮ" ಎಂದದ್ದನ್ನು ನಾನು ಕೇಳಿಲ್ಲ. ಅದು ಇಳಿದು ಮುಟ್ಟಾದ ಮೂರು ದಿನ ಉಪ್ಪಿನಕಾಯಿ ಜಾಡಿ ಮುಟ್ಟಬೇಡ ಎನ್ನುವುದಕ್ಕೆ ಮಾತ್ರ ಎಲ್ಲರಿಗೂ ನಾಲಿಗೆ ಇತ್ತು.

ಆದರೆ ಇಷ್ಟೆಲ್ಲ ಕೂಗಾಡುತ್ತಿರುವುದು ನನ್ನ ಕೈಗಾಗಿ ಅಲ್ಲ, ಎದುರುಮನೆ ನಾರಾಯಣಮ್ಮನ ಕೈಗಾಗಿ. ಅವಳೂ ನನ್ನ ಹಾಗೆ ಎಡಗೈಯವಳು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ರೇಷ್ಮೆ ನೂಲು ತೆಗೆಯುವ ಕೆಲಸ. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಒಂದು ಗೂಡಿನ ಎಳೆ ಮುಗಿದ ಕೂಡಲೇ ಇನ್ನೊಂದರ ಎಳೆಯನ್ನು ಬೆರಳ ತುದಿಯಲ್ಲಿ ಹಿಡಿದು ಓಡುವ ನೂಲಿಗೆ ತಗುಲಿಸಬೇಕು. ತಡವಾದರೆ ನೂಲು ಸಣ್ಣಗಾಗುತ್ತದೆ, ಇಲ್ಲವೇ ಹರಿಯುತ್ತದೆ. ಕಣ್ಣಿಗೆ ಕಾಣದ ಆ ಎಳೆ ನಾರಾಯಣಮ್ಮನ ಎಡಗೈ ಬೆರಳಿಗೆ ಮಾತ್ರ ಹೇಗೋ ಕಾಣುತ್ತಿತ್ತು. ಮಾಲೀಕ ಹೊಸ ಹೆಂಗಸರನ್ನು ಅವಳ ಪಕ್ಕದಲ್ಲೇ ನಿಲ್ಲಿಸಿ ಕಲಿಸುತ್ತಿದ್ದ. ಎಡಗೈ ಬಗ್ಗೆ ಆಗ ಅವನು ತುಟಿಪಿಟಕ್ ಎಂದವನಲ್ಲ.

ಕಳೆದ ವರ್ಷ ಅವಳ ಕೈ ನಿಧಾನವಾಯಿತು. ಎಳೆ ತಪ್ಪತೊಡಗಿತು, ನೂಲು ಹರಿಯತೊಡಗಿತು. ತಕ್ಷಣ ಎಲ್ಲರಿಗೂ ಅವಳ ಎಡಗೈ ಕಣ್ಣಿಗೆ ಬಿತ್ತು. "ರೇಷ್ಮೆ ಅಂದ್ರೆ ಲಕ್ಷ್ಮಿ. ಎಡಗೈಲಿ ಮುಟ್ಟಿದ್ರೆ ಎಷ್ಟು ದಿನ ತಡ್ಕೋತಾಳೆ? ನಾಳೆಯಿಂದ ಬಲಗೈಲಿ ಎಳೆ ಕೊಡು" ಎಂದ ಮಾಲೀಕ. ಯುಗಾದಿಯವರೆಗೂ ನೋಡುತ್ತೇನೆ, ಆಮೇಲೆ ತೊಟ್ಟಿ ಬಿಟ್ಟು ಗೂಡು ಆರಿಸುವ ಮೂಲೆಗೆ ಹೋಗಿ ಕೂತುಕೋ ಎಂದೂ ಹೇಳಿದ. ಅತ್ತೆ ದೃಷ್ಟಿ ತೆಗೆದಳು. ಗಂಡ, "ಮೈ ಬೆಳೆಸ್ಕೊಂಡು ಸೋಮಾರಿಯಾಗವ್ಳೆ" ಎಂದ. ಊರಿನ ಕ್ಲಿನಿಕ್ಕಿನವರು ಕೈ ಹಿಡಿದೂ ನೋಡದೆ, ಮುಟ್ಟು ನಿಲ್ಲುವ ವಯಸ್ಸು ಎಂದು ಶಕ್ತಿಗೆ ಟಾನಿಕ್ ಬರೆದರು. ಹೆಂಗಸಿಗೆ ನಲವತ್ತೈದು ದಾಟಿತೆಂದರೆ ಅವಳ ಯಾವ ಕಾಯಿಲೆಗೂ ಬೇರೆ ಹೆಸರೇ ಬೇಕಿಲ್ಲವೇನೋ!

ನಾನೇನು ಮಾಡಿದೆ? ಹೇಳಲು ನಾಚಿಕೆಯಾಗುತ್ತದೆ. ಅವಳು ನಮ್ಮ ಜಗಲಿಗೆ ಬಂದು ಕೂತು, "ಆ ತೊಟ್ಟಿ ಬಿಟ್ಟ್ರೆ ನಾನು ಯಾರು ಟೀಚರಮ್ಮ?" ಎಂದು ಕಣ್ಣು ಒರೆಸಿಕೊಂಡಳು. ದನಿ ಒಡಕಾಗಿತ್ತು, ಮುಖ ಊದಿತ್ತು, ಬೇಸಿಗೆ ಹತ್ತಿರ ಬಂದಿದ್ದರೂ ಸ್ವೆಟರ್ ಹಾಕಿದ್ದಳು. ನಾನು ಕಾಫಿ ಕೊಟ್ಟು, "ಏನು ಮಾಡಕ್ಕಾಗುತ್ತೆ, ಸ್ವಲ್ಪ ದಿನ ಬಲಗೈಲೇ ಮಾಡಿ ನೋಡಮ್ಮ, ಮನಸ್ಸಿಟ್ಟು ಮಾಡು" ಎಂದೆ. ಗೆಣ್ಣಿಗೆ ಏಟು ತಿಂದ ನಾನೇ ಹಾಗೆಂದೆ. ಪಾಪ, ಅವಳು ಬಲಗೈಯಲ್ಲಿ ಎಳೆ ಹುಡುಕುತ್ತಾ ಬೆರಳು ಸುಟ್ಟುಕೊಂಡಳು.

ನಿಜ ತಿಳಿದದ್ದು ನನ್ನ ಮೊಣಕಾಲಿನ ಪುಣ್ಯದಿಂದ. ನೋವು ತೋರಿಸಲು ಚಿಂತಾಮಣಿಯ ಡಾಕ್ಟರಮ್ಮನ ಹತ್ತಿರ ಹೊರಟಾಗ ಜೊತೆಗಿರಲಿ ಎಂದು ನಾರಾಯಣಮ್ಮನನ್ನು ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ವಯಸ್ಸಿನಲ್ಲಿ ನನ್ನ ಮಗಳಷ್ಟು. ನನ್ನ ಕಾಲು ನೋಡುತ್ತಾ ನೋಡುತ್ತಾ ಕಣ್ಣು ಅವಳ ಮೇಲೆ ಹಾಯಿಸಿದರು. "ಅಮ್ಮ, ನಿಮಗೆ ಯಾವಾಗಿಂದ ಹೀಗೆ ಚಳಿ?" ಎಂದರು. ಅವಳನ್ನು ಕುರ್ಚಿಯ ಮೇಲೆ ಮಂಡಿಯೂರಿ ನಿಲ್ಲಿಸಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಪಾದ ಚಿಮ್ಮಿತು. ಸರಿ, ಚಿಮ್ಮಿದ್ದು ಹಿಂದಕ್ಕೆ ಬರಬೇಕಲ್ಲ? ಬಸ್ಸಿನವರು ಪೆರೇಸಂದ್ರದಲ್ಲಿ ಇಳಿದು ಟೀ ಕುಡಿದು ಬಂದ ಹಾಗೆ ನಿಧಾನವಾಗಿ ಬಂತು. ಎರಡು ಕಾಲಿನದೂ ಅದೇ ಕಥೆ. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಹಾರ್ಮೋನು ಸಾಕಷ್ಟು ಸುರಿಸುತ್ತಿರಲಿಲ್ಲ. ಅದು ಕಡಿಮೆಯಾದರೆ ಎಡಗೈ, ಬಲಗೈ, ಕಾಲು, ಯೋಚನೆ ಎಲ್ಲವೂ ನಿಧಾನವಾಗುತ್ತವೆ. ಎಡಗೈಗೊಂದು ಬಲಗೈಗೊಂದು ಎಂದು ಅದು ಭೇದ ಮಾಡುವುದಿಲ್ಲ.

ನಾನು ಆ ಕುರ್ಚಿಯ ಪಕ್ಕದಲ್ಲಿ ನಿಂತು ನನ್ನನ್ನೇ ಬೈದುಕೊಂಡೆ. ಮೂವತ್ತು ವರ್ಷ ಮಕ್ಕಳಿಂದ ಇದೇ ಗ್ರಂಥಿಯ ಚಿತ್ರ ಬರೆಸಿ, ಗುರುತು ತಪ್ಪಾದರೆ ಅಂಕ ಕಳೆದವಳು. ದಿನಾ ಎದುರಿಗೆ ಬಂದು ಕೂರುತ್ತಿದ್ದ ಕುತ್ತಿಗೆಯನ್ನು ಮಾತ್ರ ನೋಡಿರಲಿಲ್ಲ.

ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಪುಟ್ಟ ಮಾತ್ರೆ. ಯುಗಾದಿಗೆ ಇನ್ನೂ ಸುಧಾರಿಸಿರಲಿಲ್ಲ. ನಾನು ಡಾಕ್ಟರಮ್ಮನ ಚೀಟಿ ಹಿಡಿದು ಮಾಲೀಕನ ಮನೆಗೆ ಹೋಗಿ ಎರಡು ತಿಂಗಳು ಗಡುವು ಕೇಳಿದೆ. ಚೀಟಿ ನೋಡಿಯೋ, ನನ್ನ ಬಾಯಿಗೆ ಹೆದರಿಯೋ ಒಪ್ಪಿದ. ಗಡುವು ಮುಗಿಯುವ ಹೊತ್ತಿಗೆ ಸ್ವೆಟರ್ ಪೆಟ್ಟಿಗೆ ಸೇರಿತು, ದನಿ ತಿಳಿಯಾಯಿತು, ಬೆರಳು ಓಡತೊಡಗಿದವು. ಎಡಗೈ ಬೆರಳೇ.

ಈಗ ಕೇಳಿ. ಅತ್ತೆಯ ಪ್ರಕಾರ ಇದು ದೃಷ್ಟಿ ತೆಗೆದ ಫಲ. ಗಂಡನ ಪ್ರಕಾರ ಬೈದ ಫಲ. ಮೊನ್ನೆ ಹೂವಿನವಳ ಮೇಲಿನ ಸಿಟ್ಟು ಆರುವ ಮುನ್ನವೇ ನಾರಾಯಣಮ್ಮನನ್ನು ನೋಡಲು ನೂಲಿನ ಶೆಡ್ಡಿಗೆ ಹೋದೆ. ಅಲ್ಲಿ ಮಾಲೀಕ ನನ್ನನ್ನು ಕಂಡು ಎದೆಯುಬ್ಬಿಸಿ, "ನೋಡಿದ್ರಾ ಮೇಡಂ, ಬಲಗೈ ಅಭ್ಯಾಸ ಮಾಡ್ಸಿದ್ಮೇಲೆ ಎಡಗೈಗೂ ಬುದ್ಧಿ ಬಂತು!" ಎಂದ.

ನಾನು ಬಿಡುತ್ತೇನೆಯೇ? ಯಂತ್ರದ ಸದ್ದಿಗಿಂತ ಮೇಲೆ ದನಿ ಎತ್ತಿ, ಗ್ರಂಥಿಯಿಂದ ಹಿಮ್ಮಡಿಯವರೆಗೂ ಪೂರ್ತಿ ಪಾಠ ಒಪ್ಪಿಸಿದೆ. ತಿಳಿಯದೆ ಒಬ್ಬ ಹೆಂಗಸಿಗೆ ಬಲಗೈ ಬಳಸು ಎಂದು ಹಿಂಸೆ ಕೊಡುವುದು ಎಂಥ ಅನ್ಯಾಯ ಎಂದು ಕೇಳಿದೆ. ಸುತ್ತಲಿನ ಹೆಂಗಸರು ನಗು ಬಿಗಿಹಿಡಿದರು. ಮಾಲೀಕ ತಲೆ ಕೆರೆದುಕೊಂಡ. ಆಗ ತೊಟ್ಟಿಯ ಆಚೆಯಿಂದ ನಾರಾಯಣಮ್ಮನ ದನಿ ಬಂತು. ಅದರಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ.

"ನೀವೂ ಅದನ್ನೇ ಅಲ್ವಾ ಟೀಚರಮ್ಮ ಹೇಳಿದ್ದು?"

ಅವಳು ತಲೆ ಎತ್ತಲಿಲ್ಲ. ಎತ್ತಿದರೆ ಎಳೆ ತಪ್ಪುತ್ತಿತ್ತು. ನನ್ನ ಮುಖವನ್ನು ಅವಳು ನೋಡಲಿಲ್ಲ, ಅಷ್ಟರ ಮಟ್ಟಿಗೆ ಬಚಾವಾದೆ.