ರಂಜನಾ ಕೊಟ್ಟ ಗಾಲಿಗಳು

ಯಶೋಧರಾ ಈಜು ಕಲಿತದ್ದು ದುಂಡಸಿಯ ಕೆರೆಯಲ್ಲಿ. ಅಪ್ಪ ಹೂವಪ್ಪ ಎಮ್ಮೆಯ ಮೈ ತೊಳೆಯಲು ನೀರಿಗಿಳಿದಾಗ ಮಗಳನ್ನೂ ಜೊತೆಗೆ ಇಳಿಸಿಕೊಳ್ಳುತ್ತಿದ್ದ. ಎಮ್ಮೆಯ ಬಾಲ ಹಿಡಿದು ನೀರಲ್ಲಿ ತೇಲುತ್ತಿದ್ದ ಹುಡುಗಿ ಮುಂದಿನ ಮಳೆಗಾಲಕ್ಕೆ ಬಾಲ ಬಿಟ್ಟು ತಾನೇ ಆಚೆ ದಂಡೆ ಮುಟ್ಟಿದಳು. ಸೈಕಲ್ಲೂ ಅಪ್ಪನದೇ. ಸೀಟಿನ ಮೇಲೆ ಕೂತರೆ ಕಾಲು ಎಟುಕುತ್ತಿರಲಿಲ್ಲ, ನಡುವಿನ ಕಂಬಿಯ ಸಂದಿಯಲ್ಲಿ ಕಾಲು ತೂರಿಸಿ ತುಳಿಯುತ್ತಿದ್ದಳು. ಅದನ್ನು ನೋಡಿದ ಒಬ್ಬ ಮಾಸ್ತರರು ಗದಗಿನ ಕ್ರೀಡಾ ವಸತಿ ನಿಲಯದ ಆಯ್ಕೆಗೆ ಕರೆದುಕೊಂಡು ಹೋದರು. ಹರೆಯದಲ್ಲಿ ರಾಜ್ಯದ ಮಟ್ಟದಲ್ಲಿ ಸೈಕಲ್ ಹೊಡೆದಳು, ಪದಕ ತಂದಳು, ದೈಹಿಕ ಶಿಕ್ಷಣದ ಪದವಿ ಮಾಡಿಕೊಂಡು ಚಿಕ್ಕೇರೂರಿನ ಹೈಸ್ಕೂಲಿನಲ್ಲಿ ಟೀಚರಾದಳು. ಪಂಪ್‌ಸೆಟ್ ರಿಪೇರಿ ಮಾಡುವ ಅಂಬರೀಶನ ಕೈ ಹಿಡಿದು ಹಾನಗಲ್ಲಿನಲ್ಲಿ ಮನೆ ಹೂಡಿದಳು. ಎಷ್ಟೋ ವರ್ಷಗಳ ನಂತರ ಅಪ್ಪ ತೀರಿಕೊಂಡ ಮೇಲೆ ಅವ್ವ ಮಂಜವ್ವನೂ ಅಲ್ಲಿಗೇ ಬಂದಳು.

ನಲವತ್ತು ಹತ್ತಿರ ಬಂದಾಗ ಅವಳಿಗೆ ಮತ್ತೆ ಸೈಕಲ್ಲಿನ ಹುಚ್ಚು ಹಿಡಿಯಿತು. ಅಷ್ಟು ಹೊತ್ತಿಗೆ ಈ ಕಡೆಯವರಿಗೂ ಟ್ರಯಥ್ಲಾನ್ ಎಂಬ ಮಾತು ಕಿವಿಗೆ ಬೀಳತೊಡಗಿತ್ತು. ಮೊದಲು ಈಜು, ಒದ್ದೆ ಮೈಯಲ್ಲೇ ಸೈಕಲ್, ಅದು ಮುಗಿದ ಕೂಡಲೇ ಓಟ, ಎಲ್ಲ ಒಂದೇ ಉಸಿರಿಗೆ. ಮೂರೂ ತನಗೆ ಬರುವ ವಿದ್ಯೆಗಳೇ ಎಂದು ಅವಳಿಗೆ ಅನ್ನಿಸಿತು. ಆದರೆ ಒಬ್ಬಳೇ ಹೆಂಗಸು ಬಿಗಿ ಚಡ್ಡಿ ತೊಟ್ಟು ನಸುಕಿನಲ್ಲಿ ರಸ್ತೆಗಿಳಿಯುವುದು ಅಷ್ಟು ಸುಲಭವಿರಲಿಲ್ಲ. ಬೈಕಿನ ಹುಡುಗರು ಹಿಂದೆ ಬೀಳುತ್ತಿದ್ದರು. ಒಮ್ಮೆ ಒಬ್ಬ ಬಂಕಾಪುರದವರೆಗೂ ಪಕ್ಕದಲ್ಲೇ ಬಂದ. ಅದಾಗಿ ವಾರದೊಳಗೆ ರಂಜನಾ ಸಿಕ್ಕಳು.

ರಂಜನಾ ಸವಣೂರಿನ ವ್ಯಾಪಾರಸ್ಥ ಚನ್ನವೀರಪ್ಪನವರ ಮಗಳು. ಹಾನಗಲ್ಲಿನಲ್ಲಿ ಗಂಡನ ಬಟ್ಟೆ ಅಂಗಡಿ, ಗಲ್ಲಾದ ಮೇಲೆ ಕೂರುವವಳು ಅವಳೇ. ಒಂದು ಬೆಳಿಗ್ಗೆ ಅಂಗಡಿಯ ಕಟ್ಟೆಯಿಂದ ಕೈ ಮಾಡಿ ನಿಲ್ಲಿಸಿದಳು.

“ದಿನಾ ನೋಡ್ತೇನಿ ನಿಮ್ಮನ್ನ. ನನ್ನೂ ಕರಕೊಂಡು ಹೋಗ್ತೀರೇನು?”

“ಬರ್ರಿ ಅಕ್ಕಾರ, ನನಗೂ ಜೋಡಿ ಬೇಕಾಗೇತಿ,” ಎಂದಳು ಯಶೋಧರಾ.

ತಿಂಗಳೊಪ್ಪತ್ತಿನಲ್ಲಿ ‘ಅಕ್ಕಾರ’ ಹೋಗಿ ‘ರಂಜಕ್ಕ’ ಆಯಿತು. “ನೀ ಅನ್ನು. ರೀ ಗೀ ಅಂದ್ರ ನಾ ಬರಂಗಿಲ್ಲ,” ಎಂದು ಹಟ ಹಿಡಿದವಳು ರಂಜನಾಳೇ. ಭಾನುವಾರ ತಿಳವಳ್ಳಿ ದಾಟಿ ಹಿರೇಕೆರೂರಿನವರೆಗೆ ಹೋಗಿ, ಅಲ್ಲಿ ಬಿಸಿ ಮಂಡಕ್ಕಿ ತಿಂದು ತಿರುಗುತ್ತಿದ್ದರು. ಎದುರುಗಾಳಿ ಬಂದರೆ ಯಶೋಧರಾ ಮುಂದೆ, ರಂಜನಾ ಅವಳ ಮರೆಯಲ್ಲಿ ಹಿಂದೆ. ಮರಳಿ ಬಂದಾಗ ರಂಜನಾ ಯಶೋಧರಾಳ ಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದಳು. ಮಂಜವ್ವನಿಗೆ ಅದು ದೊಡ್ಡ ಮಾತು. ಅವಳ ಕಾಲದಲ್ಲಿ ಅಂಥ ಮನೆತನದವರು ಇವರ ಓಣಿಗೆ ಬಂದರೂ ನಿಂತೇ ಮಾತಾಡಿ ಹೋಗುತ್ತಿದ್ದರು. “ಎತ್ತಿ ಕುಡಿಯಂಗಿಲ್ಲ, ಕಪ್ಪಿಗೆ ಬಾಯಿ ಹಚ್ಚಿ ಕುಡಿತಾಳ, ನಮ್ಮ ಮನಿ ಮಗಳಂಗ,” ಎಂದು ಓಣಿಯವರ ಮುಂದೆ ಹೇಳಿಕೊಳ್ಳುತ್ತಿದ್ದಳು. ರಂಜನಾಳ ತಾಯಿ ಸರೋಜವ್ವ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ ರಜೆ ಹಾಕಿ ಅವರ ಮಗ್ಗುಲಲ್ಲಿ ಕೂತವಳು ಯಶೋಧರಾ. ಹೂವಪ್ಪ ತೀರಿದಾಗ ದುಂಡಸಿಗೆ ಬಂದು ಹೆಂಗಸರ ನಡುವೆ ನೆಲದ ಮೇಲೆ ಕೂತವಳು ರಂಜನಾ.

ಹೀಗೆ ಕೆಲವು ವರ್ಷ ಕಳೆದ ಮೇಲೆ, ಚಿತ್ರದುರ್ಗದ ಕಡೆಯ ಒಂದು ಜಲಾಶಯದ ದಂಡೆಯಲ್ಲಿ ದೊಡ್ಡ ಟ್ರಯಥ್ಲಾನ್ ಇತ್ತು. ಸೈಕಲ್ ದಾರಿಯೇ ತೊಂಬತ್ತು ಕಿಲೋಮೀಟರ್, ಗುಡ್ಡದ ಒಂದು ಸುತ್ತನ್ನು ಎರಡು ಸಲ ಹಾಕಬೇಕು. ಇಬ್ಬರೂ ಹೆಸರು ಕೊಟ್ಟರು. ಇಬ್ಬರದೂ ಒಂದೇ ವಿಭಾಗ, ನಲವತ್ತು ದಾಟಿದ ಹೆಂಗಸರದು.

ಗಾಲಿಯ ಪ್ರಶ್ನೆ ಬಂದದ್ದು ಆಗ. ಯಶೋಧರಾಳ ಸೈಕಲ್ಲಿನ ಗಾಲಿ ಸಾದಾ, ದಿನಬಳಕೆಯವು. ಹುಬ್ಬಳ್ಳಿಯಲ್ಲಿ ರೇಸ್ ಸೈಕಲ್ ರಿಪೇರಿ ಮಾಡುವ ಶಾಹಬಾಜ ಪಂದ್ಯದ ಗಾಲಿಗಳನ್ನು ಬಾಡಿಗೆಗೂ ಕೊಡುತ್ತಿದ್ದ. ಅವನು ಗೋಡೆಯ ಮೇಲಿಂದ ಎರಡು ಬಗೆಯವನ್ನು ಇಳಿಸಿ ತೋರಿಸಿದ. ಒಂದರ ರಿಮ್ಮು ನಾಲ್ಕು ಬೆರಳು ಎತ್ತರ. ಬಯಲು ರಸ್ತೆಯಲ್ಲಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಆದರೆ ಭಾರ, ಅಡ್ಡಗಾಳಿ ಹೊಡೆದರೆ ಹಾಯಿಪಟದ ಹಾಗೆ ಸೈಕಲ್ಲನ್ನೇ ಎಳೆಯುತ್ತದೆ. ಇನ್ನೊಂದರ ರಿಮ್ಮು ಗಿಡ್ಡ. ಓಟ ಅಷ್ಟಿಲ್ಲ, ಆದರೆ ಹಗುರ, ಏರಿನಲ್ಲಿ ಕಾಲು ಉಳಿಸುತ್ತದೆ, ಇಳಿಜಾರಿನಲ್ಲಿ ಕೈಮಾತು ಕೇಳುತ್ತದೆ.

“ಗುಡ್ಡ ಅಂತೀರಿ, ಇದನ್ನ ಒಯ್ರಿ ಅಕ್ಕಾರ,” ಎಂದು ಶಾಹಬಾಜ ಗಿಡ್ಡ ರಿಮ್ಮಿನ ಜೋಡಿಯನ್ನು ಮುಂದಿಟ್ಟ. “ಆದ್ರ ದಾರಿ ಒಮ್ಮೆ ನೋಡಿ ಬಂದ್ರ ಛಲೋ.”

ನೋಡಿಕೊಂಡು ಬರಬೇಕೆಂದು ಅವಳಿಗೂ ಇತ್ತು. ಹೋಗಬೇಕೆಂದಿದ್ದ ಭಾನುವಾರ ಶಾಲೆಗಳ ತಾಲೂಕು ಕ್ರೀಡಾಕೂಟ ಅಡ್ಡ ಬಂತು. ರಂಜನಾ ಆ ಭಾನುವಾರ ದಾವಣಗೆರೆಯಲ್ಲಿ ಲಗ್ನ ಇದೆ ಎಂದು ಹೋದಳು. ಬಂದ ಮೇಲೆ ಹೊಸ್ತಿಲ ಮೇಲೆ ಕೂತು ಕೇಳಿದಳು:

“ಗಾಲಿ ಯಾವ್ವು ಹಾಕೋತಿ?”

“ಶಾಹಬಾಜನ ಕಡೆ ಗಿಡ್ಡನೂವು ಹೇಳಿ ಬಂದೇನಿ.”

“ಹುಚ್ಚಿ ಅದಿ. ನಾ ಮ್ಯಾಪ್ ಪೂರಾ ನೋಡೇನಿ. ಏರು ಅವ, ಆದ್ರ ಸಣ್ಣ ಸಣ್ಣವು. ಉಳಿದದ್ದೆಲ್ಲಾ ಬಯಲು. ನಿನ್ನಂಥ ಕಾಲಿದ್ದಾಕಿ ಗಿಡ್ಡ ಗಾಲಿ ಹಾಕ್ಕೊಂಡ್ರ ಬಯಲಿನ್ಯಾಗ ಕಳಕೋತಿ.”

“ಗಾಳಿ ಹೆಂಗೋ ಏನೋ.”

“ಆಗಸ್ಟ್ ಮುಗಿಯೂ ಹೊತ್ತಿಗೆ ಗಾಳಿ ಎಲ್ಲೀದು? ನೋಡು, ನನ್ನ ಎತ್ತರದ ಜೋಡಿನ ನೀ ಒಯ್ಯಿ. ನಾ ನಮ್ಮ ತಮ್ಮನ ಕಡೆಯಿಂದ ಅಂಥಾವ ಬ್ಯಾರೆ ತರಿಸಾಕತ್ತೇನಿ.”

ಆ ಜೋಡಿ ರಂಜನಾಳ ಜೀವ. ಅಂಗಡಿಯ ಮೇಲಿನ ಕೋಣೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಳು. ಅಂಥದ್ದನ್ನು ಎತ್ತಿ ಕೊಡುತ್ತೇನೆ ಎನ್ನುವವಳ ಮುಂದೆ ಇನ್ನೇನು ಕೇಳುವುದು? ಯಶೋಧರಾಳ ಕಣ್ಣು ತುಂಬಿತು. ಮರುದಿನವೇ ಶಾಹಬಾಜನಿಗೆ ಫೋನ್ ಮಾಡಿ ತನಗೆ ಗಿಡ್ಡ ಗಾಲಿ ಬೇಡ ಎಂದಳು. ಶಿಗ್ಗಾವಿಯ ಕಡೆಯ ನೇರ ರಸ್ತೆಯಲ್ಲಿ ರಂಜನಾಳ ಗಾಲಿ ಹಾಕಿ ನೋಡಿದಾಗ ಅವು ಗುಂಯ್ ಎಂದು ಹಾಡುತ್ತ ಹಾರಿದವು. ಮನೆಗೆ ಬಂದು ಅಂಬರೀಶನಿಗೆ, “ನಮ್ಮ ಅಕ್ಕ ತಂಗ್ಯಾರೂ ಹಿಂಗ ಮಾಡಂಗಿಲ್ಲ ನೋಡ್ರಿ,” ಎಂದಳು.

ಪಂದ್ಯಕ್ಕೆ ಇಬ್ಬರೂ ರಂಜನಾಳ ಕಾರಿನಲ್ಲೇ ಹೋದರು. ಸೈಕಲ್ಲುಗಳು ಕಾರಿನ ಹಿಂದೆ, ಬಿಚ್ಚಿದ ಗಾಲಿಗಳು ಚೀಲದೊಳಗೆ. ಹಿಂದಿನ ಸಂಜೆಯೇ ಸೈಕಲ್ಲುಗಳನ್ನು ಪಂದ್ಯದ ಸಾಲಿನಲ್ಲಿ ನಿಲ್ಲಿಸಿ ಬರಬೇಕಿತ್ತು. ಆಗ ರಂಜನಾ, “ನೀ ನಿಂದು ಇಟ್ಟು ರೂಮಿಗೆ ನಡಿ, ನಾ ಮೆಕ್ಯಾನಿಕ್ಕಗ ಬ್ರೇಕ್ ತೋರಿಸಿ ಬರ್ತೇನಿ,” ಎಂದಳು. ಯಶೋಧರಾ ನಡೆದಳು.

ಬೆಳಿಗ್ಗೆ ನೀರು ತಣ್ಣಗಿತ್ತು. ಈಜಿನಲ್ಲಿ ಅವಳನ್ನು ಹಿಡಿಯುವವರು ಆ ವಿಭಾಗದಲ್ಲಿ ಇರಲಿಲ್ಲ. ಮೊದಲಿಗಳಾಗಿ ದಂಡೆ ಹತ್ತಿ, ಸೈಕಲ್ಲುಗಳ ಸಾಲಿಗೆ ಓಡಿ ಬಂದು ಹೆಲ್ಮೆಟ್ ಹಾಕಿಕೊಳ್ಳುವಾಗ ಪಕ್ಕದಲ್ಲಿ ತೂಗುತ್ತಿದ್ದ ರಂಜನಾಳ ಸೈಕಲ್ ಕಂಡಿತು. ಅದರ ಗಾಲಿಗಳು ಗಿಡ್ಡವು. ರಿಮ್ಮಿನ ಮೇಲೆ ಶಾಹಬಾಜನ ಅಂಗಡಿಯ ಬಿಳಿ ಬಣ್ಣದ ಗುರುತು. ತಾನು ಬೇಡ ಎಂದು ಬಿಟ್ಟ ಅದೇ ಜೋಡಿ.

ತಮ್ಮನ ಗಾಲಿ ಬಂದಿರಲಿಕ್ಕಿಲ್ಲ, ಕೊನೆಗೆ ಇದನ್ನೇ ತಂದಿರಬೇಕು ಎಂದು ಅವಳು ತಾನೇ ತನಗೆ ಕಾರಣ ಹೇಳಿಕೊಂಡಳು. ಹಾಗಿದ್ದರೆ ಕಾರಿನಲ್ಲಿ ಬರುವಾಗ ಹೇಳಲಿಲ್ಲ ಯಾಕೆ? ಆ ಪ್ರಶ್ನೆಯನ್ನು ಹೊತ್ತೇ ಸೈಕಲ್ ಏರಿದಳು.

ಹತ್ತು ಕಿಲೋಮೀಟರ್ ಬಯಲು. ಅಲ್ಲಿಂದ ಆಚೆ ರಸ್ತೆ ಗುಡ್ಡಕ್ಕೆ ಮುಖ ಮಾಡಿತು. ಸಣ್ಣ ಏರುಗಳಲ್ಲ, ಒಂದು ಮುಗಿಯುವ ಮೊದಲೇ ಇನ್ನೊಂದು ಕಾಣುವ ಉದ್ದನೆಯ ಏರುಗಳು. ಭಾರದ ಗಾಲಿ ಪ್ರತಿ ತುಳಿತಕ್ಕೂ ಹಿಂದಕ್ಕೆ ಜಗ್ಗಿತು. ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವನ್ನು ಕಂಡ ಕೂಡಲೇ ಅವಳು ಹ್ಯಾಂಡಲ್ ಬಿಗಿ ಹಿಡಿದಳು. ಗಾಳಿ ಇಲ್ಲದ ಕಡೆ ಯಾರೂ ಅವನ್ನು ನಿಲ್ಲಿಸುವುದಿಲ್ಲ.

ಇಳಿಜಾರಿನಲ್ಲಿ, ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ, ಮೊದಲ ಹೊಡೆತ ಬಿತ್ತು. ಯಾರೋ ಹ್ಯಾಂಡಲ್ ಹಿಡಿದು ಎಳೆದ ಹಾಗೆ ಮುಂದಿನ ಗಾಲಿ ಪಕ್ಕಕ್ಕೆ ಹಾರಿತು. ಸೈಕಲ್ ಡಾಂಬರು ಬಿಟ್ಟು ಅಂಚಿನ ಜಲ್ಲಿಗೆ ಇಳಿಯಿತು, ಆಚೆ ಕಂದಕ. ಬ್ರೇಕ್ ಒತ್ತಿ, ಕಾಲು ಊರಿ, ಹೇಗೋ ನಿಂತಳು. ಅದಾದ ಮೇಲೆ ಬ್ರೇಕ್ ಹಿಡಿದೇ ಇಳಿದಳು. ಹರೆಯದಲ್ಲಿ ಇಳಿಜಾರುಗಳಲ್ಲೇ ಪಂದ್ಯ ಗೆದ್ದವಳನ್ನು ಹಿಂದಿನವರು ಒಬ್ಬೊಬ್ಬರಾಗಿ ದಾಟಿ ಹೋದರು.

ಎರಡನೇ ಸುತ್ತಿಗೆ ಗಾಳಿ ಇನ್ನೂ ಏರಿತ್ತು. ಅದೇ ಸಂದಿಗೆ ಬಂದಾಗ ಅವಳು ಸೈಕಲ್ ಇಳಿದಳು. ಇಳಿಜಾರಿನಲ್ಲಿ ಸೈಕಲ್ ತಳ್ಳಿಕೊಂಡು ನಡೆಯತೊಡಗಿದಳು. ಹಿಂದಿನಿಂದ ಪರಿಚಯದ ಉಸಿರಾಟ ಕೇಳಿಸಿತು. ಭಾನುವಾರಗಳಲ್ಲಿ ತನ್ನ ಬೆನ್ನ ಹಿಂದೆ ಕೇಳಿಸುತ್ತಿದ್ದ ಉಸಿರಾಟ.

“ಹುಷಾರ ಬಾ ಯಶೋ. ಇಲ್ಲಿ ಗಾಳಿ ಕೆಟ್ಟ ಐತಿ,” ಎಂದು ರಂಜನಾ ದಾಟಿ ಹೋದಳು. ಅವಳ ಸೈಕಲ್ ಸ್ವಲ್ಪ ಅಲುಗಿತು, ಅಷ್ಟೆ.

ಯಶೋಧರಾ ಓಟವನ್ನೂ ಮುಗಿಸಿದಳು. ಅರ್ಧಕ್ಕೆ ಬಿಡುವುದು ಅವಳಿಗೆ ಗೊತ್ತಿರಲಿಲ್ಲ. ಐದನೆಯವಳಾದಳು. ರಂಜನಾಳಿಗೆ ಮೂರನೇ ಸ್ಥಾನದ ಪದಕ ಬಂತು.

ಪಂದ್ಯಕ್ಕೆಂದು ಬಂದ ಮೆಕ್ಯಾನಿಕ್ಕುಗಳ ಟೆಂಟಿನಲ್ಲಿ ಶಾಹಬಾಜನೂ ಇದ್ದ. ಸೈಕಲ್ ಹಿಡಿದು ಬರುತ್ತಿದ್ದವಳನ್ನು ಕಂಡು ಎದ್ದು ಬಂದ. ಗಾಲಿ ನೋಡಿ ಅವನ ಮುಖ ಬಾಡಿತು.

“ಇವನ್ನ ಯಾಕ ಹಾಕಿದ್ರಿ ಅಕ್ಕಾರ? ರಂಜನಾ ಮೇಡಮ್ಮಾರು ನಿಮಗ ಹೇಳಲಿಲ್ಲೇನು?”

“ಏನು ಹೇಳೂದು?”

“ಅವರು ಹಿಂದ ಒಂದ ಭಾನುವಾರ ಕಾರ್ ತಗೊಂಡು ಬಂದು ದಾರಿ ನೋಡಿ ಹೋಗ್ಯಾರಲ್ರಿ. ಮ್ಯಾಲೆ ಅಡ್ಡಗಾಳಿ ಭಾಳ ಐತಿ, ಎತ್ತರದ ಗಾಲಿ ನಡಿಯಂಗಿಲ್ಲ ಅಂತ ನನ್ನ ಮುಂದನ ಅಂದ್ರು. ನೀವು ಬ್ಯಾಡ ಅಂದ ದಿನಾನ ಆ ಜೋಡಿ ಒಯ್ದ್ರು.”

ದಾವಣಗೆರೆಯ ಲಗ್ನ ಎಲ್ಲಿ ನಡೆದಿತ್ತು ಎಂಬುದು ಯಶೋಧರಾಳಿಗೆ ಆಗ ತಿಳಿಯಿತು.

ಬಂದ ಕಾರಿನಲ್ಲೇ ಮರಳಬೇಕಿತ್ತು. ದಾವಣಗೆರೆ ದಾಟುವವರೆಗೆ ರಂಜನಾ ಊಟದ ಬಗ್ಗೆ, ಬಿಸಿಲಿನ ಬಗ್ಗೆ, ನೀರಿನಲ್ಲಿ ಒದ್ದ ಯಾವಳದೋ ಕಾಲಿನ ಬಗ್ಗೆ ಮಾತಾಡಿದಳು. ರಾಣೆಬೆನ್ನೂರು ಸಮೀಪಿಸಿದಾಗ ಯಶೋಧರಾ ಕೇಳಿದಳು:

“ದಾರಿ ನೋಡಿ ಬಂದಿದ್ದಿ ಹೌದಲ್ಲೊ?”

ರಂಜನಾ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಒಂದು ಲಾರಿಯನ್ನು ಹಿಂದೆ ಹಾಕಿದಳು. “ಯಾರು ಹೇಳಿದ್ರು?”

“ಯಾರಾರ ಹೇಳ್ಲಿ. ಹೌದೋ ಅಲ್ಲೋ?”

“ಹೌದು.”

“ನನಗ ಯಾಕ ಹಂಗ ಹೇಳಿದಿ?”

ರಂಜನಾ ಕಾರಿನ ವೇಗ ಇಳಿಸಿದಳು. ಆಮೇಲೆ ಮೆಲ್ಲಗೆ ಅಂದಳು: “ಇಷ್ಟು ವರ್ಷ ನಿನ್ನ ಬೆನ್ನ ನೋಡಕೋತನ ಸೈಕಲ್ ಹೊಡದೇನಿ ಯಶೋ. ಮಂದಿ ಎಲ್ಲಾ ನಿನ್ನ ಹೆಸರ ಹೇಳ್ತಾರ. ಒಂದಸಲ ಮುಂದ ಹೋಗಬೇಕನಿಸ್ತು. ನಿನಗ ಸ್ವಲ್ಪ ತಡಾ ಆಗ್ತದ ಅಂತಷ್ಟ ತಿಳಕೊಂಡಿದ್ದೆ. ಬೀಳ್ತಿ ಅಂತ ಅಲ್ಲ.”

“ನೀ ಮುಂದ ಹೋಗಿದ್ರ ನನಗೇನು ಇತ್ತು? ಸುಳ್ಳು ಹೇಳಿ, ಕೈಯಾರ ಗಾಲಿ ಕೊಟ್ಟು ಕಳಸಿದ್ಯಲ್ಲ. ನಾ ಅತ್ತಿದ್ದೆ ಅವತ್ತು, ನೋಡಿದ್ದಿ ನೀ.”

“ನೋಡಿದ್ದೆ,” ಎಂದಳು ರಂಜನಾ.

ಹಾವೇರಿ ಬಂತು, ಅಕ್ಕಿಆಲೂರು ಬಂತು.

ಮನೆಯ ಮುಂದೆ ಕಾರಿನ ಸದ್ದು ಕೇಳಿ ಮಂಜವ್ವ ಹೊರಗೆ ಬಂದಳು. “ಬಾರವ್ವ, ದಣದಿರಬೇಕು,” ಎಂದು ರಂಜನಾಳ ಕೈ ಹಿಡಿದು ಕೂರಿಸಿದಳು, ಚಹಾ ತಂದಳು. ರಂಜನಾಳಿಗೆ ಬೇಡ ಎನ್ನಲಾಗಲಿಲ್ಲ. ಅವಳು ಕಪ್ಪು ಹಿಡಿದು ಕೂತಿರುವಾಗ ಯಶೋಧರಾ ಅಂಗಳದಲ್ಲಿ ಸೈಕಲ್ ಬುಡಮೇಲು ಮಾಡಿ ಗಾಲಿ ಬಿಚ್ಚಿದಳು. ಒದ್ದೆ ಬಟ್ಟೆಯಿಂದ ರಿಮ್ಮಿನ ಧೂಳು ಒರೆಸಿ, ಚೀಲಕ್ಕೆ ಹಾಕಿ, ಅವಳ ಮುಂದೆ ತಂದು ಇಟ್ಟಳು.

“ತಗೋರಿ ಅಕ್ಕಾರ. ನಿಮ್ಮ ಗಾಲಿ.”

ರಂಜನಾಳ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ಕುಡಿಯದೆ ಇಳಿಸಿ, ಚೀಲ ಎತ್ತಿಕೊಂಡು ಹೋದಳು. “ಯಾಕವ್ವ, ಚಹಾ ಬಿಟ್ಟು ಹೋದಳಲ್ಲ?” ಎಂದು ಮಂಜವ್ವ ಕೇಳಿದಳು. ಯಶೋಧರಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವ್ವನಿಗೆ ಅವಳು ಎಷ್ಟೋ ದಿನ ಏನೂ ಹೇಳಲಿಲ್ಲ. ಪದಕ ಹೋದದ್ದು ಬೇಗ ಮರೆತುಹೋಯಿತು. ನೋಯಿಸಿದ್ದು ಬೇರೆ. ಹಿಂದಿನದೆಲ್ಲ ಒಂದೊಂದಾಗಿ ತೆಗೆದು ನೋಡುವ ಚಾಳಿ ಅವಳಿಗೆ ಅಂಟಿಕೊಂಡಿತು. ದುಂಡಸಿಯಲ್ಲಿ ಅಪ್ಪನ ಹೆಣದ ಮುಂದೆ ಕೂತಾಗ ರಂಜನಾ ಅತ್ತದ್ದು ನಿಜವಿತ್ತೋ ಇಲ್ಲವೋ? ಹೊಸ್ತಿಲ ಮೇಲೆ ಕೂತು ನಗುವಾಗ? ನಿಜವೇ ಇದ್ದೀತು ಎಂದು ಒಂದು ದಿನ ಅನ್ನಿಸಿದರೆ ಮರುದಿನ ಅನ್ನಿಸುತ್ತಿರಲಿಲ್ಲ. ಕೊನೆಗೊಮ್ಮೆ ಮಂಜವ್ವ ಬಹಳ ಒತ್ತಾಯ ಮಾಡಿದಾಗ ಹೇಳಿದಳು.

ಮಂಜವ್ವ ಎಲ್ಲ ಕೇಳಿ, “ಗಾಲಿ ಸಲುವಾಗೇನು?” ಎಂದಳು.

“ಗಾಲಿ ಸಲುವಾಗಿ ಅಲ್ಲವ್ವ.”

“ಅಲ್ಲ ಬಿಡು,” ಎಂದಳು ಮಂಜವ್ವ. ಅಂದಿನಿಂದ ಓಣಿಯಲ್ಲಿ ರಂಜನಾಳ ಹೆಸರು ಎತ್ತುವುದನ್ನು ಬಿಟ್ಟಳು.

ಯಶೋಧರಾ ಸೈಕಲ್ ಬಿಡಲಿಲ್ಲ. ಕೆಲವು ವಾರ ಅಂಬರೀಶ ಬೈಕಿನಲ್ಲಿ ಹಿಂದೆ ಬಂದ. ಅವನಿಗೆ ಕೆಲಸ ಕೆಡುತ್ತಿತ್ತು, ಬೇಡ ಎಂದು ಕಳಿಸಿದಳು. ಒಬ್ಬಳೇ ಹೋಗತೊಡಗಿದಳು. ಬೈಕಿನ ಹುಡುಗರು ಹಿಂದೆ ಬಿದ್ದರೆ ನಿಂತು, ಮೊಬೈಲ್ ತೆಗೆದು ಗಾಡಿಯ ನಂಬರಿನ ಫೋಟೋ ಹೊಡೆಯುವುದನ್ನು ಕಲಿತಳು. ಮರುವರ್ಷ ಅದೇ ಪಂದ್ಯಕ್ಕೆ ಹೆಸರು ಕೊಟ್ಟಳು. ಈ ಸಲ ಒಂದು ಶನಿವಾರ ಗಂಡನ ಬೈಕಿನ ಹಿಂದೆ ಕೂತು ಹೋಗಿ ದಾರಿಯೆಲ್ಲ ತಾನೇ ನೋಡಿದಳು, ಗುಡ್ಡದ ಸಂದಿಯಲ್ಲಿ ಇಳಿದು ನಿಂತು ಸೆರಗು ಹಾರುವ ದಿಕ್ಕು ನೋಡಿದಳು. ಶಾಹಬಾಜನಿಂದ ಗಿಡ್ಡ ರಿಮ್ಮಿನ ಗಾಲಿ ತಂದಳು. ರಂಜನಾ ಆ ವರ್ಷ ಬರಲಿಲ್ಲ. ಸೈಕಲ್ ಬಿಟ್ಟು ಮನೆಯಲ್ಲೇ ಯೋಗ ಮಾಡುತ್ತಾಳೆ ಎಂದು ಯಾರೋ ಅಂದರು.

ಎರಡನೇ ಸ್ಥಾನ ಬಂತು. ಪದಕ ಕೊರಳಿಗೆ ಬಿದ್ದು, ಕೆಳಗಿಳಿದು, ಬೆವರು ಒರೆಸಿಕೊಂಡು ಯಶೋಧರಾ ಮೊಬೈಲ್ ಕೈಗೆತ್ತಿಕೊಂಡಳು. ಇಂಥ ಸುದ್ದಿಯನ್ನು ಮೊದಲು ಯಾರಿಗೆ ಹೇಳಬೇಕೆಂದು ಅವಳು ಎಂದೂ ಯೋಚಿಸಬೇಕಾಗಿರಲಿಲ್ಲ. ಹೆಬ್ಬೆರಳು ತಾನಾಗಿ ‘ರಂಜಕ್ಕ’ ಎಂಬ ಹೆಸರಿನವರೆಗೆ ಹೋಗಿ ನಿಂತಿತು. ಅವಳು ಮೊಬೈಲನ್ನು ಚೀಲಕ್ಕೆ ಹಾಕಿ, ಸೈಕಲ್ ತರಲು ಹೋದಳು.